ಮೂರು ಸೀನಿನ ಪೇದೆ ಪಾತ್ರವನ್ನು ಬಿಡಬೇಡ

ಪ್ರೀತಿಯ ಪುಟ್ಟ,

ಮೂರೇ ಸೀನಿನ ಪೊಲೀಸ್ ಪೇದೆ ಪಾತ್ರ ಅಂತ ಆ ಸಿನಿಮಾ ಬಿಡುವವನಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಬಿಡಬೇಡ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ವಿಲಿಯಂ ಡೆಮರೆಸ್ಟ್ ಅನ್ನುವ ಹೆಸರು ಕೇಳಿದ್ದೀಯಾ? ಕೇಳಿರಲಾರೆ. ಹಳೆಯ ಹಾಲಿವುಡ್ ಸಿನಿಮಾ ನೋಡುವವರಿಗೂ ಮುಖ ಗೊತ್ತಿರುತ್ತೆ, ಹೆಸರು ಬಾಯಿಗೆ ಬರಲ್ಲ. ದಪ್ಪ ಮೂಗು, ಗಂಟಿಕ್ಕಿದ ಹುಬ್ಬು, ಯಾವಾಗಲೂ ಯಾರ ಮೇಲೋ ಸಿಟ್ಟಿರುವ ದನಿ. 1892ರಲ್ಲಿ ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಹುಟ್ಟಿದವನು. ನೂರ ನಲವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ಇದ್ದಾನೆ. ನಾಯಕನಾಗಿ ಅಲ್ಲ. ನಾಯಕನ ಪಕ್ಕದವನಾಗಿ, ಎದುರಿನವನಾಗಿ, ಬಾಗಿಲು ತೆಗೆಯುವವನಾಗಿ.

ಅವನು ಬಂದಿದ್ದು ವಾಡೆವಿಲ್‌ನಿಂದ, ಅಂದರೆ ಬಗೆಬಗೆಯ ಆಟಗಳನ್ನು ಸೇರಿಸಿ ತೋರಿಸುತ್ತಿದ್ದ ಅಮೆರಿಕದ ಹಳೆಯ ರಂಗಪ್ರದರ್ಶನದಿಂದ. ನಮ್ಮ ಕಂಪನಿ ನಾಟಕದ ಹಾಗೆ ಅಲ್ಲಿ ರಾತ್ರಿಯಿಡೀ ಒಂದೇ ಕಥೆ ಇರುತ್ತಿರಲಿಲ್ಲ. ಹಾಡುವವರು, ಜಾದೂಗಾರರು, ದೊಂಬರಾಟದವರು, ನಾಯಿಗಳ ಆಟ ಆಡಿಸುವವರು, ನಗಿಸುವ ಜೋಡಿಗಳು ಒಬ್ಬರಾದ ಮೇಲೊಬ್ಬರು ಬಂದು ತಲಾ ಹತ್ತೋ ಹದಿನೈದೋ ನಿಮಿಷದಲ್ಲಿ ಆಟ ಮುಗಿಸಿ ಹೋಗಬೇಕು. ಮೊದಲ ಸರದಿ ಯಾರಿಗೂ ಬೇಡ, ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. ಅದಕ್ಕೇ ಮಾತಿಲ್ಲದ ಆಟಗಳನ್ನು ಅಲ್ಲಿಗೆ ಹಾಕುತ್ತಿದ್ದರು. ಕೊನೆಯದೂ ಬೇಡ, ಆಗ ಎದ್ದು ಹೊರಡುತ್ತಿರುತ್ತಾರೆ. ಕೊನೆಯದಕ್ಕಿಂತ ಹಿಂದಿನ ಸರದಿಯೇ ದೊಡ್ಡವರದು. ಡೆಮರೆಸ್ಟ್ ತನ್ನ ಹೆಂಡತಿ ಎಸ್ಟೆಲ್ ಕೊಲೆಟ್ ಜತೆ ಜೋಡಿ ಆಟ ಆಡುತ್ತಿದ್ದ. ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುತ್ತಿದ್ದ, ಬೀಳುತ್ತಿದ್ದ, ನಗಿಸುತ್ತಿದ್ದ. ಒಂದೇ ಆಟವನ್ನು ಊರಿಂದೂರಿಗೆ ಹೊತ್ತುಕೊಂಡು ಹೋಗಿ ವರ್ಷಗಟ್ಟಲೆ ಆಡಬಹುದಾದ ಕಾಲ ಅದು. ನೀನು ನಿನ್ನ ಜೋಡಿ ಹುಡುಗನ ಜತೆ ಸ್ಟೇಜ್ ಮೇಲೆ ಆಡುವ ಸ್ಕಿಟ್‌ಗೆ ಅಷ್ಟು ವರ್ಷ ಎಲ್ಲಿ ಸಿಗುತ್ತೆ ಹೇಳು, ಒಂದು ಸಲ ವಿಡಿಯೊ ಹರಿದಾಡಿದರೆ ಮುಗಿಯಿತು, ಮುಂದಿನ ಊರಿನವರು ಆಗಲೇ ನೋಡಿಬಿಟ್ಟಿರುತ್ತಾರೆ.

1927ರಲ್ಲಿ ಮಾತಾಡುವ ಸಿನಿಮಾ ಬಂತು. ಆ ವರ್ಷದ 'ದಿ ಜಾಝ್ ಸಿಂಗರ್'ನಲ್ಲಿ ಡೆಮರೆಸ್ಟ್‌ಗೂ ಒಂದು ಸಣ್ಣ ಪಾತ್ರವಿತ್ತು. ಆಮೇಲೆ ಆರ್ಥಿಕ ಕುಸಿತ, ಮನೆಮನೆಗೆ ರೇಡಿಯೊ. 1932ರ ಹೊತ್ತಿಗೆ ವಾಡೆವಿಲ್‌ನವರ ಕಾಶಿಯಂತಿದ್ದ ನ್ಯೂಯಾರ್ಕಿನ ಪ್ಯಾಲೆಸ್ ಥಿಯೇಟರೇ ಸಿನಿಮಾ ಮಂದಿರವಾಯಿತು. ಎಷ್ಟೋ ಕಲಾವಿದರಿಗೆ ನಿಂತ ನೆಲವೇ ಹೋಯಿತು. ನಲವತ್ತರ ಡೆಮರೆಸ್ಟ್‌ ಸಿಕ್ಕಿದ ಸಣ್ಣಪುಟ್ಟ ಪಾತ್ರ ಮಾಡುತ್ತಾ ಹೋದ.

1940ರಲ್ಲಿ ಪ್ರೆಸ್ಟನ್ ಸ್ಟರ್ಜಸ್ ಅನ್ನುವ ಬರಹಗಾರ ಮೊದಲ ಸಲ ನಿರ್ದೇಶನಕ್ಕಿಳಿದು ಇವನನ್ನು ಹಾಕಿಕೊಂಡ. ಅದೂ ಸೇರಿ ಅವನ ನಿರ್ದೇಶನದ ಒಟ್ಟು ಎಂಟು ಸಿನಿಮಾಗಳಲ್ಲಿ ಡೆಮರೆಸ್ಟ್ ಇದ್ದ. ಯಾಕೆ ಮತ್ತೆ ಮತ್ತೆ ಕರೆದ ಅಂತ ಯೋಚಿಸು. ಸ್ಟರ್ಜಸ್ ಸಿನಿಮಾದಲ್ಲಿ ಮಾತು ಅಂದರೆ ಸುರಿಮಳೆ, ಒಬ್ಬರ ಬಾಲಕ್ಕೆ ಇನ್ನೊಬ್ಬರು ಮಾತು ಅಂಟಿಸುತ್ತಿರಬೇಕು. ರಂಗದ ಮೇಲೆ ಮಾತು ಎಲ್ಲಿ ನಿಲ್ಲಿಸಬೇಕು ಅಂತ ಜನರ ನಗುವೇ ಹೇಳುತ್ತೆ. ಕ್ಯಾಮೆರಾ ಮುಂದೆ ಯಾರೂ ನಗುವುದಿಲ್ಲ, ನಗಕೂಡದು. ಸಾವಿರಾರು ಜನರ ನಗುವನ್ನು ಅಳೆದು ತಲೆಯಲ್ಲಿಟ್ಟುಕೊಂಡವನಿಗೆ ಆ ಮೌನದಲ್ಲೂ ಲೆಕ್ಕ ತಪ್ಪುವುದಿಲ್ಲ. ನಿನ್ನ ಹತ್ತಿರ ಇರುವುದೂ ಅದೇ ಆಸ್ತಿ ಕಣೋ. ನಿನ್ನ ಜತೆ ಆಡಿಷನ್‌ಗೆ ಬಂದಿದ್ದ ಎಷ್ಟು ಜನರ ಹತ್ತಿರ ಅದಿದೆ?

'ದಿ ಲೇಡಿ ಈವ್' ನೋಡು, 1941ರದ್ದು. ಹೆನ್ರಿ ಫೋಂಡ ಶ್ರೀಮಂತರ ಮನೆಯ ಹುಡುಗ, ಡೆಮರೆಸ್ಟ್ ಅವನನ್ನು ಕಾಯುವ ಮಗ್ಸಿ. ಒಬ್ಬಳು ಹೆಣ್ಣು ಮೋಸ ಮಾಡಿ ಹೋಗಿ, ಬೇರೆ ಹೆಸರಿಟ್ಟುಕೊಂಡು ಮತ್ತೆ ಬರುತ್ತಾಳೆ. ಇವಳು ಅವಳೇ ಅಂತ ಮಗ್ಸಿ ಬಡಕೊಳ್ಳುತ್ತಾನೆ, ಹುಡುಗ ನಂಬುವುದಿಲ್ಲ. ಕೊನೆಗೆ ನಾಯಕ ನಾಯಕಿ ಕೋಣೆಯೊಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತೆ. ಮತ್ತೆ ಸ್ವಲ್ಪವೇ ತೆರೆಯುತ್ತೆ, ಮಗ್ಸಿ ನುಸುಳಿ ಹೊರಬಂದು, ಖಂಡಿತ ಇವಳು ಅವಳೇ ಅಂತ ತನ್ನ ಪಾಡಿಗೆ ಹೇಳಿಕೊಳ್ಳುತ್ತಾನೆ. ಸಿನಿಮಾ ಮುಗಿಯುತ್ತೆ. ಅಷ್ಟು ದೊಡ್ಡ ತಾರೆಯರಿದ್ದ ಚಿತ್ರದ ಕೊನೆಯ ಮಾತು ಕೆಲಸದವನದ್ದು! ಆ ಸಾಲನ್ನು ಅವನು ಒತ್ತಿ ಹೇಳುವುದಿಲ್ಲ, ನಗು ಬರಲಿ ಅಂತ ನಮ್ಮತ್ತ ನೋಡುವುದೂ ಇಲ್ಲ. ಅವನಿಗೆ ಅದು ನಿಜ, ಅಷ್ಟೇ.

ಇನ್ನೊಂದು, 1944ರಲ್ಲಿ ತೆರೆಕಂಡ 'ದಿ ಮಿರಾಕಲ್ ಆಫ್ ಮಾರ್ಗನ್ಸ್ ಕ್ರೀಕ್'. ಅದರಲ್ಲಿ ಅವನೂ ಪೇದೆಯೇ, ಸಣ್ಣ ಊರಿನ ಪೇದೆ, ಎರಡು ಹೆಣ್ಣುಮಕ್ಕಳ ಅಪ್ಪ. ಬಾಯಿ ಜೋರು ಮಾಡಿದ ಚಿಕ್ಕ ಮಗಳಿಗೆ ಒದೆಯಲು ಕಾಲೆತ್ತಿ, ಗುರಿ ತಪ್ಪಿ, ತಾನೇ ಧೊಪ್ಪನೆ ಬೆನ್ನ ಮೇಲೆ ಬೀಳುತ್ತಾನೆ. ಅದನ್ನು ಮಾಡಿದಾಗ ವಯಸ್ಸು ಐವತ್ತರ ಆಸುಪಾಸು. ನಿಧಾನ ಮಾಡಿ ನೋಡು. ಬೀಳುವ ಕ್ಷಣದವರೆಗೂ ಅವನ ಮುಖದಲ್ಲಿರುವುದು ಅಪ್ಪನ ಸಿಟ್ಟು. ಬೀಳುವ ಸಿದ್ಧತೆಯೇ ಕಾಣಲ್ಲ. ನೀನು ಬೀಳುವ ಮುಂಚೆ ಒಂದು ಸಲ ನೆಲ ನೋಡುತ್ತೀಯ. ಸಭಾಂಗಣದ ಹಿಂದಿನ ಸಾಲಿಗೆ ಅದು ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ದನಿಯೂ ಹಾಗೇ, ಜಾಸ್ತಿ ಎತ್ತುತ್ತೀಯ. ಅರ್ಧ ಸಾಕು.

ಮುಖಗಳನ್ನು ಬದಲಾಯಿಸು ಅಂತ ಸ್ಟುಡಿಯೊದವರು ಹೇಳಿದಾಗ, ನನ್ನ ಮೊದಲ ಗೆಲುವಿಗೆ ದುಡಿದ ಈ ಸಣ್ಣ ಪಾತ್ರಧಾರಿಗಳಿಗೆ ಮುಂದಿನ ಚಿತ್ರಗಳಲ್ಲೂ ಹಕ್ಕಿದೆ ಅಂತ ಸ್ಟರ್ಜಸ್ ಪಟ್ಟು ಹಿಡಿದಿದ್ದ. ಅಂಥ ನಿರ್ದೇಶಕ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಸಿಗಬೇಕಾದರೆ ನೀನು ಅವನ ಸೆಟ್‌ನಲ್ಲಿ ಇರಬೇಕಲ್ವಾ?

1946ರ 'ದಿ ಜೋಲ್ಸನ್ ಸ್ಟೋರಿ'ಯಲ್ಲಿ ಡೆಮರೆಸ್ಟ್ ಮಾಡಿದ್ದು ವಾಡೆವಿಲ್ ಕಲಾವಿದನ ಪಾತ್ರ, ಹಾಡುವ ಹುಡುಗನನ್ನು ತನ್ನ ಜತೆ ರಂಗಕ್ಕೆ ಹತ್ತಿಸುವವನು. ಅದಕ್ಕೆ ಪೋಷಕ ನಟರ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಬರಲಿಲ್ಲ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೇನಾ ತರಬೇತಿಯ ವೇಳೆ ಎರಡೂ ಕೈ ಕಳೆದುಕೊಂಡ ಹ್ಯಾರಲ್ಡ್ ರಸೆಲ್‌ಗೆ ಹೋಯಿತು. ಕೆಲಸ ಮಾತ್ರ ನಿಲ್ಲಲಿಲ್ಲ. 1965ರಲ್ಲಿ 'ಮೈ ಥ್ರೀ ಸನ್ಸ್' ಧಾರಾವಾಹಿಯಲ್ಲಿದ್ದ ವಿಲಿಯಂ ಫ್ರಾಲಿ ಆರೋಗ್ಯದ ಕಾರಣಕ್ಕೆ ಬಿಡಬೇಕಾಯಿತು. ಅವನೂ ವಾಡೆವಿಲ್‌ನವನೇ. ಆ ಜಾಗಕ್ಕೆ ಅಂಕಲ್ ಚಾರ್ಲಿಯಾಗಿ ಬಂದ ಡೆಮರೆಸ್ಟ್‌ಗೆ ಆಗ 73. 1972ರವರೆಗೆ ಅಲ್ಲೇ ಇದ್ದ. ಮನೆಮಂದಿಗೆ ಅಡುಗೆ ಮಾಡುವ ಸಿಡುಕ ಮುದುಕ. ಚಾರ್ಲಿಯ ಕೈಗೂ ಚೆಲ್ಲೋ ಬಂತು ನೋಡು, ಯೌವನದಲ್ಲಿ ಕಲಿತದ್ದು ಎಲ್ಲಿಗೂ ಹೋಗಿರಲಿಲ್ಲ.

ಈಗ ನಿನ್ನ ಪೇದೆ ವಿಷಯ. ನಿನ್ನ ಮೂರು ಸೀನಲ್ಲ, ಇಡೀ ಸ್ಕ್ರಿಪ್ಟ್ ಕೇಳಿ ಓದು. ಅವನು ಡ್ಯೂಟಿಗೆ ಬಂದು ಎಷ್ಟು ಹೊತ್ತಾಗಿದೆ, ಊಟ ಆಗಿದೆಯಾ, ಮೇಲಧಿಕಾರಿ ಅಂದರೆ ಅವನಿಗೆ ಹೆದರಿಕೆಯಾ ಬೇಸರವಾ, ನೀನೇ ತೀರ್ಮಾನಿಸು. ಯಾರೂ ಹೇಳಿಕೊಡಲ್ಲ. ಜೋಕ್ ಸೇರಿಸಲಾ ಅಂತ ಮೊದಲ ದಿನವೇ ಕೇಳಬೇಡ. ಸಂಭಾವನೆ ಎಷ್ಟು, ಯಾವಾಗ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೋ, ನಾಚಿಕೆ ಬೇಡ. ಸ್ಟೇಜ್ ಶೋಗಳನ್ನು ಸುಮ್ನೆ ನಿಲ್ಲಿಸಬೇಡ. ನಿನ್ನ ಜೋಡಿ ಹುಡುಗನಿಗೂ ಈ ವಿಷಯ ನೀನೇ ಹೇಳು, ಬೇರೆಯವರ ಬಾಯಿಂದ ಕೇಳಿದರೆ ಅವನಿಗೆ ನೋವಾಗುತ್ತೆ.

ನಾಳೆ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ ಬರುತ್ತೇನೆ ಅಂತ ಹೇಳಿಬಿಡು. ಶೂಟಿಂಗ್ ತಾರೀಖು ಗೊತ್ತಾದ ತಕ್ಷಣ ನನಗೆ ತಿಳಿಸು, ಬೂಟು ನಾನು ಕೊಡಿಸುತ್ತೇನೆ.

ನಿನ್ನ ದೊಡ್ಡಮ್ಮ