ಮನೆಯ ಹಿರಿಯರಿಗೆ ಬಾಯಿ ತೆರೆಯಲು ಕಷ್ಟವಾದರೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ದಯವಿಟ್ಟು ಓದಿ.

ಅಜ್ಜ ಅಥವಾ ಅಜ್ಜಿ ಇದ್ದಕ್ಕಿದ್ದಂತೆ "ಬಾಯಿ ತೆರೆಯೋಕೆ ಆಗ್ತಿಲ್ಲ, ನುಂಗೋಕೆ ಕಷ್ಟ" ಅಂದರೆ ಸುಮ್ನೆ ಹಲ್ಲುನೋವು ಅಂದುಕೊಳ್ಳಬೇಡಿ. ಗಾಯದ ಮೂಲಕ ಬರುವ ಧನುರ್ವಾಯು (ಟೆಟನಸ್) ಹೆಚ್ಚಾಗಿ ಶುರುವಾಗುವುದೇ ಹೀಗೆ. ದವಡೆ ಬಿಗಿಯುತ್ತದೆ, ಆಮೇಲೆ ಕತ್ತು, ಬೆನ್ನು, ಹೊಟ್ಟೆ. ಬಾಗಿಲು ಬಡಿದ ಸದ್ದಿಗೂ ಇಡೀ ಮೈ ಸೆಟೆದುಕೊಳ್ಳಬಹುದು. ಆದರೆ ಪ್ರಜ್ಞೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆ ನೋವೆಲ್ಲ ಅವರಿಗೆ ಗೊತ್ತಾಗುತ್ತಿರುತ್ತದೆ. ಪಾರ್ಶ್ವವಾಯು ಇರಬಹುದು ಅಂತ ದಾರಿ ತಪ್ಪುವುದೂ ಉಂಟು.

ಗಾಯ ದೊಡ್ಡದೇ ಆಗಬೇಕಿಲ್ಲ. ಕೈತೋಟದಲ್ಲಿ ಚುಚ್ಚಿದ ಮುಳ್ಳು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಸಾಕು. ಲಕ್ಷಣ ಕಾಣುವುದು ಸಾಮಾನ್ಯವಾಗಿ 3ರಿಂದ 21 ದಿನದೊಳಗೆ, ಅಷ್ಟರಲ್ಲಿ ಗಾಯವೇ ಮರೆತುಹೋಗಿರುತ್ತದೆ ಅಲ್ವಾ? ವೈದ್ಯರಿಗೆ ಅದನ್ನು ನೆನಪಿಸಿ ಹೇಳಿ.

ಅನುಮಾನ ಬಂದ ಕೂಡಲೇ ಐಸಿಯು ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ, ಉಸಿರುನಾಳಕ್ಕೆ ಹೋಗಬಹುದು. ಅಲ್ಲಿ ಇಮ್ಯುನೊಗ್ಲಾಬ್ಯುಲಿನ್ (ಧನುರ್ವಾಯುವಿನ ವಿಷವನ್ನು ತಡೆಯುವ ಚುಚ್ಚುಮದ್ದು) ಕೊಟ್ಟು, ಗಾಯ ಶುಚಿ ಮಾಡಿ, ಮೆಟ್ರೊನಿಡಜೋಲ್‌ನಂಥ ಆಂಟಿಬಯೋಟಿಕ್, ಸೆಳೆತ ತಗ್ಗಿಸುವ ಔಷಧ ಕೊಡುತ್ತಾರೆ. ಉಸಿರಾಟಕ್ಕೆ ತೊಂದರೆಯಾದರೆ ವೆಂಟಿಲೇಟರ್ ಬೇಕಾಗುತ್ತದೆ. ಚೇತರಿಕೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆ ಭಯ ಬೇಡ.

ಒಮ್ಮೆ ಬಂದುಹೋದರೂ ರಕ್ಷಣೆ ಸಿಗುವುದಿಲ್ಲ, ಲಸಿಕೆ ಹಾಕಿಸಲೇಬೇಕು. ಪೂರ್ತಿ ಲಸಿಕೆ ಆದವರಿಗೆ 10 ವರ್ಷಕ್ಕೊಮ್ಮೆ ಬೂಸ್ಟರ್. ಗಾಯ ಕೊಳಕಾಗಿದ್ದು, ಕೊನೆಯ ಚುಚ್ಚುಮದ್ದಿಗೆ 5 ವರ್ಷ ಆಗಿದ್ದರೆ ಆಗಲೇ ಇನ್ನೊಂದು. ಎಷ್ಟೋ ಹಿರಿಯರಿಗೆ ಚಿಕ್ಕಂದಿನ ಡೋಸ್‌ಗಳೇ ಆಗಿರುವುದಿಲ್ಲ. ಅಂಥವರಿಗೆ ಒಂದು ಚುಚ್ಚುಮದ್ದು ಸಾಲದು, ಮೊದಲಿನಿಂದ 3 ಡೋಸ್ ಬೇಕು. ಈ ವಾರ ಒಮ್ಮೆ ಕೇಳಿ ನೋಡಿ.