ಮೈಸೂರಿಗೆ ಹೊರಟಿರುವ ಪುಟ್ಟಿಗೆ

ಕುಶಾಲನಗರ
ಆಗಸ್ಟ್ 6

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಿಮ್ಮಪ್ಪ ಫೋನ್ ಮಾಡಿದ್ದ. ಮಾತು ಮುಗಿಯುವ ಮೊದಲೇ ನೆಟ್‌ವರ್ಕ್ ಹೋಯಿತು. ಮೈಸೂರಿನ ಕಾಫಿ ಕಂಪನಿಯಿಂದ ಕರೆ ಬಂದಿದೆ, ಮುಂದಿನ ಗುರುವಾರ ಇಂಟರ್‌ವ್ಯೂ, ನೀನು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಇಷ್ಟು ಕೇಳಿಸಿತು. ನನ್ನ ನಿದ್ದೆ ಕೆಡಲು ಅಷ್ಟು ಸಾಕಲ್ವಾ? ಈ ಮಳೆಯಲ್ಲಿ ಫೋನ್ ನಂಬಿ ಕೂತರೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಓದುವ ಮುಂಚೆ ಊಟ ಮಾಡು.

ಭಯಪಡಬೇಡ ಅಂತ ನಾನು ಹೇಳುವುದಿಲ್ಲ. ನನಗೂ ಎಲ್ಲರೂ ಹಾಗೇ ಹೇಳಿದ್ದರು. ಅದರಿಂದ ಭಯ ಜಾಸ್ತಿ ಆಯಿತೇ ಹೊರತು ಕಮ್ಮಿ ಆಗಲಿಲ್ಲ.

1983ರ ಜುಲೈ. ಬೆಂಗಳೂರಿನಲ್ಲಿ ಒಂದು ಆಫೀಸಿನ ಇಂಟರ್‌ವ್ಯೂ. ಬೆಳಗಿನ ಜಾವ ಮಾದಾಪುರ ಬಿಟ್ಟೆ. ದಾರಿಗೆ ಅಡ್ಡ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸುವ ಹೊತ್ತಿಗೆ ಒಂದು ಗಂಟೆ ಹೋಯಿತು. ಅಲ್ಲಿ ತಲುಪಿದಾಗ ಸೀರೆಯ ಅಂಚು ಒದ್ದೆ, ತಲೆ ಧಿಂ ಅನ್ನುತ್ತಿತ್ತು. ನಿಮ್ಮ ಬಗ್ಗೆ ಹೇಳಿ ಅಂದರು. ನಾನು ಒಂದು ಪುಟದ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೂರನೇ ಸಾಲು ಮರೆತುಹೋಯಿತು. ಅಷ್ಟೇ, ಮುಂದೆ ಒಂದಕ್ಷರ ಬರಲಿಲ್ಲ. ಎದುರಿಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಪಸ್ ಬರುವಾಗ ಹುಣಸೂರು ದಾಟುವವರೆಗೂ ಅತ್ತೆ.

ಮುಂದಿನ ವರ್ಷ ಬ್ಯಾಂಕಿನ ಇಂಟರ್‌ವ್ಯೂ ಬಂತು. ಅಲ್ಲಿ ಒಬ್ಬರು, ನಿಮ್ಮ ತಂದೆ ಎಸ್ಟೇಟಿನಲ್ಲಿ ರೈಟರ್ ಅಂತ ಬರೆದಿದ್ದೀರಿ, ಏನು ಕೆಲಸ ಅದು ಅಂತ ಕೇಳಿದರು. ನಾನು ಶನಿವಾರದ ಬಟವಾಡೆ ಬಗ್ಗೆ ಹೇಳಿದೆ. ನಿನ್ನ ಅಜ್ಜನ ಪಕ್ಕ ಕೂತು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಕೂಡುತ್ತಿದ್ದದ್ದು, ಅರ್ಧ ದಿನ ಬಂದವರ ಲೆಕ್ಕ, ಮುಂಗಡ ಮುರಿದುಕೊಳ್ಳುವ ಲೆಕ್ಕ, ಒಂದು ರೂಪಾಯಿ ತಪ್ಪಿದರೂ ದುಡಿದವರ ಎದುರು ತಲೆ ತಗ್ಗಿಸಬೇಕಾಗಿದ್ದದ್ದು. ಅದನ್ನು ನಾನು ಬಾಯಿಪಾಠ ಮಾಡಿರಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಮಾತು ತಾನಾಗಿ ಬಂತು. ಆ ಬ್ಯಾಂಕಿನಲ್ಲೇ ಮೂವತ್ತನಾಲ್ಕು ವರ್ಷ ದುಡಿದೆ.

ನಿನಗೂ ಅಂಥದ್ದು ಇದೆ, ಪುಟ್ಟಿ. ನಿನಗೆ ಅದು ದೊಡ್ಡದು ಅನ್ನಿಸಿಲ್ಲ, ಅಷ್ಟೇ.

ನೀನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಸಂಕ್ರಾಂತಿ ಕಳೆದು ನಾನು ಮನೆಗೆ ಬಂದಿದ್ದೆ. ಕಣದ ತುಂಬ ರೊಬಸ್ಟಾ ಕಾಫಿಯ ಚೆರಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಒಣಗಲು ಹರವಿತ್ತು. ಅಪ್ಪ ಸುಂಟಿಕೊಪ್ಪಕ್ಕೆ ಹೋಗಿದ್ದ. ನಾಲ್ಕು ಗಂಟೆಗೆ ಇದ್ದಕ್ಕಿದ್ದ ಹಾಗೆ ಮೋಡ ಕಟ್ಟಿತು. ಅಮ್ಮ ಅಂಗಳದಲ್ಲೇ ಅಯ್ಯೋ ಅಂತ ನಿಂತುಬಿಟ್ಟಳು. ನೀನು ಮಾತಾಡಲಿಲ್ಲ. ಹಲಗೆ ತೆಗೆದುಕೊಂಡು ಕಾಫಿಯನ್ನೆಲ್ಲ ನಡುವಿಗೆ ಎಳೆದೆ. ಟಾರ್ಪಾಲಿನ ಒಂದು ತುದಿ ನನ್ನ ಕೈಗೆ ಕೊಟ್ಟೆ. ಮೇಲಿನ ಕಡೆಯಿಂದ ನೀರು ನುಗ್ಗುತ್ತದೆ ಅಂತ ಅಲ್ಲಿನ ಅಂಚನ್ನು ಒಳಗೆ ಮಡಿಸಿ ಕಲ್ಲು ಇಟ್ಟೆ. ಆ ಮಡಿಕೆ ನನಗೆ ಹೊಳೆದಿರಲಿಲ್ಲ. ಎಲ್ಲ ಮುಗಿದು ಅಡುಗೆಮನೆಗೆ ಬಂದು ಲೋಟ ಹಿಡಿದೆಯಲ್ಲ, ಆಗ ನಿನ್ನ ಕೈ ನಡುಗಿತು. ಕಾಫಿ ತುಳುಕಿ ನೆಲಕ್ಕೆ ಬಿತ್ತು.

ನಿನಗೆ ಭಯ ಇರಲಿಲ್ಲ ಅಂತಲ್ಲ. ಆದರೆ ಏನು ಮಾಡಬೇಕು ಅಂತ ಕೈಗೆ ಗೊತ್ತಿತ್ತು. ಅದಕ್ಕೇ ಭಯ ಅಡುಗೆಮನೆಯವರೆಗೂ ಕಾದು ನಿಂತಿತು. ಗುರುವಾರವೂ ಅದನ್ನು ಹೀಗೇ ಕಾಯಿಸಬಹುದು.

ಅದಕ್ಕೆ ಈ ವಾರ ಮಾಡಬೇಕಾದ ಕೆಲಸ ಒಂದಿದೆ. ನೀನೇ ಮಾಡಿದ, ನಿನ್ನ ಕಣ್ಣಿನಿಂದಲೇ ನೋಡಿದ ಮೂರು ವಿಷಯ ಆರಿಸಿಕೋ. ಕಣದ ಮಳೆ ಒಂದಾಗಲಿ. ಕಾಲೇಜಿನ ಪ್ರಾಜೆಕ್ಟ್ ಇನ್ನೊಂದು. ಮೂರನೆಯದು, ಅಪ್ಪನ ಜೊತೆ ಕಾಫಿ ಮಾರಲು ಹೋದಾಗ ಓಟಿ, ಅಂದರೆ ಔಟ್‌ಟರ್ನ್, ನೋಡುತ್ತಿದ್ದದ್ದು. ಐವತ್ತು ಕಿಲೋ ಚೆರಿಯಿಂದ ಎಷ್ಟು ಕಿಲೋ ಬೀಜ ಇಳಿಯುತ್ತದೆ, ಓಟಿ 26ಕ್ಕೂ 28ಕ್ಕೂ ಚೀಲದ ರೇಟಿನಲ್ಲಿ ಎಷ್ಟು ವ್ಯತ್ಯಾಸ ಅಂತ ನಿನಗೆ ಬೆರಳ ತುದಿಯಲ್ಲಿದೆ. ಸರಿಯಾಗಿ ಒಣಗದ ಕಾಫಿ ಹೇಗೆ ಬೂಸಲು ಹಿಡಿಯುತ್ತದೆ, ಕಾಯಿಕೊರಕ ಹುಳು ತೂತು ಮಾಡಿದ ಬೀಜ ಹೇಗಿರುತ್ತದೆ ಅಂತ ಗೊತ್ತು. ಕ್ವಾಲಿಟಿ ವಿಭಾಗದ ಕೆಲಸಕ್ಕೆ ಹೋಗುವವಳಿಗೆ ಇದು ಸಣ್ಣ ಆಸ್ತಿಯಾ? ಮೂರನ್ನೂ ಜೋರಾಗಿ ಹೇಳಿ ನೋಡು. ಅಮ್ಮನಿಗೆ ಹೇಳು, ಯಾರೂ ಸಿಗದಿದ್ದರೆ ತೋಟದಲ್ಲಿ ನಡೆಯುತ್ತಾ ಹೇಳು. ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಬರಲಿ. ಬರೆದು ಬಾಯಿಪಾಠ ಮಾತ್ರ ಮಾಡಬೇಡ. ನನಗೆ ಆದದ್ದು ನಿನಗೆ ಆಗುವುದು ಬೇಡ.

ಇಂಗ್ಲಿಷಿನ ಚಿಂತೆ ನಿನಗಿದೆ ಅಂತ ಗೊತ್ತು. ಸಣ್ಣ ಸಣ್ಣ ವಾಕ್ಯ ಹೇಳು. ಒಂದು ಪದ ಸಿಗದಿದ್ದರೆ, ಕನ್ನಡದಲ್ಲಿ ಹೇಳಬಹುದಾ ಸರ್ ಅಂತ ಕೇಳು. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ಮಾತು. ಕೊನೆಯ ಕೆಲವು ವರ್ಷ ನಾನೂ ಮೇಜಿನ ಆಚೆ ಬದಿ ಕೂತಿದ್ದೇನೆ. ಅಲ್ಲಿ ಕೂತವರ ಮನಸ್ಸು ಏನು ಅಂತ ಹೇಳಲಾ? ಬೆಳಗಿನಿಂದ ಹತ್ತು ಜನರನ್ನು ನೋಡಿ ಸುಸ್ತಾಗಿರುತ್ತಾರೆ. ಬಾಗಿಲು ತೆರೆದಾಗಲೆಲ್ಲ, ಈಗ ಬರುವವರಾದರೂ ಸರಿಹೋಗಲಿ ದೇವರೇ, ಕೆಲಸ ಮುಗಿಯಲಿ ಅಂದುಕೊಳ್ಳುತ್ತಾರೆ. ನಿನ್ನನ್ನು ಸಿಕ್ಕಿಹಾಕಿಸಲು ಯಾರೂ ಕಾದಿರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಕಲಿಯುತ್ತೇನೆ ಅಂದ ಮಕ್ಕಳ ಮೇಲೆ ನನಗೆ ಯಾವತ್ತೂ ಬೇಸರ ಬಂದಿಲ್ಲ. ಸುಮ್ನೆ ಸುತ್ತಿಬಳಸಿ ಹೇಳಿದವರು ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿದ್ದರು.

ಪ್ರಶ್ನೆ ಬಂದ ತಕ್ಷಣ ಉತ್ತರಕ್ಕೆ ಹಾರಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದಾಗ ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವಲ್ಲ? ಆ ಆಟದಲ್ಲಿ ಸರ್ವ್ ಮಾಡಲು 25 ಸೆಕೆಂಡ್ ಕೊಡುತ್ತಾರೆ. ಅಷ್ಟು ದೊಡ್ಡ ಆಟಗಾರರಿಗೇ ಆ ಹೊತ್ತು ಬೇಕು. ನಿನಗೆ ನಾಲ್ಕು ಸೆಕೆಂಡ್ ಸಾಕು. ಅಷ್ಟರಲ್ಲಿ ಒಂದು ಉಸಿರು ಬಿಡು, ಆಮೇಲೆ ಮಾತಾಡು. ಯಾರೂ ತಪ್ಪು ತಿಳಿಯುವುದಿಲ್ಲ.

ಉಸಿರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊರಗೆ ಕಾಯುವಾಗ ಮೂಗಿನಲ್ಲಿ ನಾಲ್ಕು ಎಣಿಸುತ್ತಾ ಎಳೆದುಕೋ, ಏಳು ಎಣಿಸುತ್ತಾ ಬಿಡು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ದೇಹದ ಕ್ರಮವೇ ಹಾಗೆ. ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು. ಐದಾರು ಸಲ ಮಾಡು, ಭುಜ ತಾನಾಗಿ ಇಳಿಯುತ್ತದೆ. ಆಗಲೂ ಎದೆ ಹೊಡೆದುಕೊಂಡರೆ ಅದರ ಜೊತೆ ಜಗಳ ಬೇಡ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅನ್ನುವವರು ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಬರೆದಿದ್ದಾರೆ. ಭಾಷಣಕ್ಕೆ ಮುಂಚೆ ತಮಗೆ ತಾವೇ ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡವರಿಗಿಂತ ‘ನನಗೆ ಹುಮ್ಮಸ್ಸು ಬಂದಿದೆ’ ಅಂದುಕೊಂಡವರು ಚೆನ್ನಾಗಿ ಮಾತಾಡಿದರಂತೆ. ನನಗೆ ಇದು ನಿಜ ಅನ್ನಿಸುತ್ತದೆ. ಭಯಕ್ಕೂ ಹುಮ್ಮಸ್ಸಿಗೂ ಎದೆ ಹೊಡೆದುಕೊಳ್ಳುವುದು ಒಂದೇ ಥರ. ಹುತ್ತರಿ ಹಬ್ಬದ ದಿನ ಗದ್ದೆಯಿಂದ ಕದಿರು ತೆಗೆಯಲು ಹೊರಡುವಾಗ ನಿನಗೆ ಹೀಗೇ ಆಗುತ್ತಿತ್ತು. ಅದನ್ನು ನಾವ್ಯಾರೂ ಭಯ ಅನ್ನಲಿಲ್ಲ.

ಇನ್ನು ದಾರಿ. ಇದರಲ್ಲಿ ನಾನು ಹಟ ಹಿಡಿಯುತ್ತೇನೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಬಸ್ಸೇ ಗತಿ. 2018ರ ಆಗಸ್ಟಿನಲ್ಲಿ ಮಾದಾಪುರದ ಕಡೆ ಗುಡ್ಡ ಜಾರಿದ್ದನ್ನು ಕಂಡವಳು ನೀನು. ಈ ತಿಂಗಳಲ್ಲಿ ಅದೇ ದಿನ ಬೆಳಿಗ್ಗೆ ಘಟ್ಟದ ರಸ್ತೆ ನಂಬಿ ಹೊರಡುವುದು ಬೇಡ. ಬುಧವಾರ ಮಧ್ಯಾಹ್ನದ ಬಸ್ಸಿಗೇ ಬಂದುಬಿಡು, ರಾತ್ರಿ ನಮ್ಮ ಮನೆಯಲ್ಲಿರು. ಕುಶಾಲನಗರ ದಾಟಿದರೆ ಬಯಲು. ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ, ಹನ್ನೊಂದಕ್ಕೆ ಇಂಟರ್‌ವ್ಯೂ ಅಂದರೆ ಒಂದು ಗಂಟೆ ಮೊದಲೇ ಅಲ್ಲಿರುತ್ತೀ.

ಮಾರ್ಕ್ಸ್‌ಕಾರ್ಡುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಕವರ್ ಸುತ್ತು. ಹೊಸ ಚಪ್ಪಲಿ ಬೇಡ. ಆ ನೀಲಿ ಚೂಡಿದಾರ ಇದೆಯಲ್ಲ, ಅದೇ ಸಾಕು. ಒಣಗದಿದ್ದರೆ ಹಾಗೇ ತಂದುಬಿಡು, ಇಲ್ಲಿ ಒಲೆ ಹತ್ತಿರ ಹಾಕೋಣ.

ಆಟಿ ತಿಂಗಳ ಹದಿನೆಂಟರ ಹಬ್ಬಕ್ಕೆ ನೀನು ಬರಲಿಲ್ಲ. ಆ ದಿನದ ಮದ್ದುಸೊಪ್ಪು ಸ್ವಲ್ಪ ಉಳಿಸಿದ್ದೇನೆ, ಬುಧವಾರ ರಾತ್ರಿ ಪಾಯಸ ಮಾಡುತ್ತೇನೆ. ಉಂಡ ಮೇಲೆ ಆ ಮೂರು ವಿಷಯ ನನಗೂ ಒಂದು ಸಲ ಹೇಳು. ನಾನು ಮೇಜಿನ ಆಚೆ ಕೂತು ಕೇಳುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಿರುತ್ತೇನೆ, ಬಸ್ ಹತ್ತಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು.

ನಿನ್ನ ಅತ್ತೆ