ಕಪ್ಪು ಪಟ್ಟಿಯ ಕೆಳಗಿನ ಹೊಲಿಗೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಬಿಳಿ ಉಡುಪು, ಅಡ್ಡಕ್ಕೂ ಉದ್ದಕ್ಕೂ ಕಪ್ಪು ಪಟ್ಟಿ, ನಡುನಡುವೆ ಕೆಂಪು, ನೀಲಿ, ಹಳದಿ. "ಗೋಡೆಗೆ ಹಾಕೋ ಚಿತ್ರವನ್ನು ಬಟ್ಟೆ ಮೇಲೆ ಪ್ರಿಂಟ್ ಮಾಡಿದ್ದಾರೆ, ಇದರಲ್ಲಿ ಅಂಥದ್ದೇನಿದೆ?" ಅಂತ ಕೇಳಿದ್ದೆ. ಫೋನಲ್ಲಿ ಎರಡು ಮಾತು ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ ಕಣೋ.

ಮೊದಲನೆಯದಾಗಿ, ಅದು ಪ್ರಿಂಟ್ ಅಲ್ಲ. ಅಲ್ಲಿರುವ ಒಂದೊಂದು ಬಣ್ಣವೂ ಬೇರೆ ಬೇರೆ ತುಂಡು.

ಅದನ್ನು ಮಾಡಿದವರು ಪ್ಯಾರಿಸ್‌ನ ಉಡುಪು ವಿನ್ಯಾಸಕಾರ ಈವ್ ಸಾಂ ಲೊರಾಂ, 1965ರ ಚಳಿಗಾಲದ ಉಡುಪುಗಳಿಗಾಗಿ. ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ ಬಗೆಗಿನ ಒಂದು ಪುಸ್ತಕವನ್ನು ಅವರ ತಾಯಿ ಕೊಟ್ಟಿದ್ದರಂತೆ. ಮೊಂಡ್ರಿಯಾನ್ ಚಿತ್ರಗಳನ್ನೇ ಅವರು ಉಡುಪಿಗೆ ತಂದರು. ಮೊಂಡ್ರಿಯಾನ್ ತೀರಿಕೊಂಡು ಆಗಲೇ 21 ವರ್ಷ ಆಗಿತ್ತು. ಒಂದು ಕಾಲಕ್ಕೆ ಮರ, ಗಾಳಿಯಂತ್ರ ಬರೆಯುತ್ತಿದ್ದವರು ಅವರು. ಒಂದೊಂದಾಗಿ ಎಲ್ಲ ಬಿಡುತ್ತಾ ಬಂದು, ಕೊನೆಗೆ ನೇರ ಗೆರೆ, ಮೂರು ಮೂಲ ಬಣ್ಣ, ಜೊತೆಗೆ ಕಪ್ಪು ಬಿಳುಪು ಬೂದು, ಇಷ್ಟರಲ್ಲೇ ನಿಂತರು. ಬಾಗಿದ ಗೆರೆ ಅವರ ಆ ಚಿತ್ರಗಳಲ್ಲಿ ಹುಡುಕಿದರೂ ಸಿಗದು.

ಕಷ್ಟ ಇರೋದು ಇಲ್ಲೇ. ಮೈಯಲ್ಲಿ ನೇರ ಗೆರೆ ಎಲ್ಲಿದೆ ಹೇಳು? ಎದೆ ಉಬ್ಬು, ಸೊಂಟ ತಗ್ಗು. ಚಪ್ಪಟೆ ಬಟ್ಟೆಯನ್ನು ಮೈಗೆ ಕೂರಿಸಬೇಕಾದರೆ ನಾವು ಟೈಲರ್‌ಗಳು ಡಾರ್ಟ್ ಹಿಡಿಯುತ್ತೇವೆ, ಅಂದರೆ ಹೆಚ್ಚಾದ ಬಟ್ಟೆಯನ್ನು ಚೂಪಾಗಿ ಮಡಚಿ ಹೊಲಿಯುತ್ತೇವೆ. ಡಾರ್ಟ್ ಹಿಡಿದ ತಕ್ಷಣ ಅದರ ಮೇಲೆ ಹಾದುಹೋಗುವ ಪಟ್ಟಿ ಮುರಿಯುತ್ತದೆ, ಚೌಕ ಸೊಟ್ಟಗಾಗುತ್ತದೆ.

ನಾನೂ ಒಮ್ಮೆ ಅಂಥದ್ದೇ ಉಡುಪು ಹೊಲಿಯಲು ಕೂತಿದ್ದೆ. ಅಕ್ಕನ ಮಗಳ ಕಾಲೇಜಿನ ಕಾರ್ಯಕ್ರಮಕ್ಕೆ. ಕಾಟನ್ ಬಟ್ಟೆ ತಗೊಂಡು, ಮೇಲೆ ಕಪ್ಪು ಪಟ್ಟಿ ಕೂರಿಸಿ, ಆಮೇಲೆ ಡಾರ್ಟ್ ಹಿಡಿದೆ. ಎದೆಯ ಹತ್ತಿರದ ಪಟ್ಟಿ ಕೆಳಗೆ ಜೋತುಬಿತ್ತು. ಪಕ್ಕದ ಹೊಲಿಗೆಯಲ್ಲಿ ಮುಂದಿನ ಗೆರೆಗೂ ಹಿಂದಿನ ಗೆರೆಗೂ ಅರ್ಧ ಇಂಚು ವ್ಯತ್ಯಾಸ. ಮೂರು ಸಲ ಬಿಚ್ಚಿದೆ. ಮೂರನೇ ರಾತ್ರಿ, ಬಿಚ್ಚಿದ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಿದ್ದಾಗ ಸಾಂ ಲೊರಾಂ ಏನು ಮಾಡಿದ್ದರು ಅಂತ ಹೊಳೆಯಿತು.

ಅವರು ಉಣ್ಣೆಯ ಜರ್ಸಿ (ಹೆಣೆದ) ಬಟ್ಟೆಯಲ್ಲಿ ಒಂದೊಂದು ಚೌಕವನ್ನೂ, ಒಂದೊಂದು ಪಟ್ಟಿಯನ್ನೂ ಬೇರೆಯಾಗಿ ಕತ್ತರಿಸಿ ಜೋಡಿಸಿದ್ದರು. ಡಾರ್ಟಿನಲ್ಲಿ ಹಿಡಿಯಬೇಕಾದ ಬಟ್ಟೆಯನ್ನೆಲ್ಲ ಆ ಜೋಡಣೆಯ ಅಂಚುಗಳಲ್ಲೇ ಸ್ವಲ್ಪ ಸ್ವಲ್ಪ ತೆಗೆದುಬಿಟ್ಟಿದ್ದರು. ಕಪ್ಪು ಗೆರೆ ನೋಡೋರಿಗೆ ಚಿತ್ರ, ಹೊಲಿಯೋರಿಗೆ ತುಂಡುಗಳನ್ನು ಜೋಡಿಸುವ ಹೊಲಿಗೆ. ಮುಂದೆ ನಿಂತು ನೋಡಿದರೆ ಹಲಗೆ ಹಾಗೆ ಚಪ್ಪಟೆ, ತೊಟ್ಟರೆ ಮೈಗೆ ಸರಿಯಾಗಿ ಕೂರುತ್ತದೆ. ಎಷ್ಟು ಚೆಂದದ ಕೆಲಸ ಅಲ್ವಾ! ಅದನ್ನು ನೋಡಿ ಆಗಲೇ ಬೇಕಾದಷ್ಟು ಅಗ್ಗದ ನಕಲುಗಳು ಬಂದವು. ಪ್ರಿಂಟ್ ಹಾಕಿದ ನಕಲನ್ನು ತೊಟ್ಟಾಗ ಗೆರೆ ಎಲ್ಲಿ ಬಾಗುತ್ತದೆ ನೋಡು, ವ್ಯತ್ಯಾಸ ತಾನಾಗೇ ತಿಳಿಯುತ್ತದೆ.

ಆದರೂ ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದವರು ಚಿತ್ರಕಾರ್ತಿ ಸೋನಿಯಾ ದೆಲೋನೆ. ಹುಟ್ಟಿದ್ದು 1885ರಲ್ಲಿ, ಉಕ್ರೇನಿನಲ್ಲಿ. ಬದುಕಿದ್ದು ಪ್ಯಾರಿಸ್‌ನಲ್ಲಿ. 1911ರಲ್ಲಿ ಮಗ ಹುಟ್ಟಿದಾಗ, ಉಕ್ರೇನಿನ ರೈತರ ಮನೆಗಳಲ್ಲಿ ಕಂಡಿದ್ದ ಹಾಗೆ, ಬಟ್ಟೆ ಚೂರುಗಳನ್ನು ಸೇರಿಸಿ ಮಗುವಿಗೊಂದು ಹೊದಿಕೆ ಹೊಲಿದರು. ನಮ್ಮ ಕೌದಿಯಂಥದ್ದೇ. ಹೊಲಿದು ಮುಗಿಸಿ ನೋಡಿದರೆ ಅದು ಆ ಕಾಲದ ಕ್ಯೂಬಿಸ್ಟ್ ಚಿತ್ರಗಳ ಹಾಗೆ, ಅಂದರೆ ವಸ್ತುಗಳನ್ನು ಕೋನಕೋನದ ತುಂಡುಗಳಾಗಿ ಒಡೆದು ತೋರಿಸುವ ಚಿತ್ರಗಳ ಹಾಗೆ ಕಂಡಿತು. ಅದೇ ರೀತಿಯನ್ನು ಆಮೇಲೆ ತಮ್ಮ ಚಿತ್ರಗಳಿಗೂ ತಂದರು. ಹಾಗಾಗಿ ಚಿತ್ರ ಬಟ್ಟೆಯನ್ನು ಬದಲಿಸಿತು ಅನ್ನೋ ಮಾತು ಪೂರ್ತಿ ಸರಿಯಲ್ಲ ಅಂತ ನನಗನಿಸುತ್ತದೆ. ಈ ಮನೆಯಲ್ಲಿ ಮೊದಲು ಬಂದಿದ್ದು ಸೂಜಿ ದಾರ.

1913ರಲ್ಲಿ ಅದೇ ಥರ ತುಂಡುಗಳ ಉಡುಪು ಹೊಲಿದು, ಅದನ್ನು ತೊಟ್ಟುಕೊಂಡೇ ಬಾಲ್ ಬುಲ್ಲಿಯೆ ಎಂಬ, ಜನ ಸೇರಿ ಕುಣಿಯುವ ಸಭಾಂಗಣಕ್ಕೆ ಹೋಗುತ್ತಿದ್ದರು. 1917ರ ಕ್ರಾಂತಿಯಿಂದ ರಷ್ಯಾದಿಂದ ಬರುತ್ತಿದ್ದ ಬಾಡಿಗೆ ಹಣ ನಿಂತುಹೋಯಿತು. ಆಗ ಬಟ್ಟೆಯ ಕೆಲಸವೇ ಸಂಸಾರ ನಡೆಸಿತು. ಮೊದಲು ಮ್ಯಾಡ್ರಿಡ್‌ನಲ್ಲಿ ಅಂಗಡಿ, ಆಮೇಲೆ ಪ್ಯಾರಿಸ್. 1927ರಲ್ಲಿ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಉಡುಪಿನ ಮೇಲೆ ಬೀರಿದ ಪ್ರಭಾವದ ಬಗ್ಗೆಯೇ ಮಾತಾಡಿದರು. ಬಟ್ಟೆಯ ವಿನ್ಯಾಸ, ಉಡುಪಿನ ಕಟಿಂಗ್ ಎರಡನ್ನೂ ಒಟ್ಟಿಗೇ ಯೋಚಿಸಬೇಕು ಅನ್ನೋದು ಅವರ ನಂಬಿಕೆ. ಆ ಅರ್ಧ ಇಂಚಿನ ರಾತ್ರಿ ನನಗೆ ಗೊತ್ತಾಗಿದ್ದೂ ಅದೇ.

ಆ ಹೊದಿಕೆ ಈಗ ಪ್ಯಾರಿಸ್‌ನ ಪಾಂಪಿಡೂ ಕಲಾ ಕೇಂದ್ರದ ಸಂಗ್ರಹದಲ್ಲಿದೆ. ಮಗು ಹೊದ್ದು ಮಲಗಲೆಂದು ಹೊಲಿದ ಬಟ್ಟೆ.

ನಿಮ್ಮಜ್ಜಿ ಹೊಲಿದ ಕೌದಿ ಇನ್ನೂ ಅಟ್ಟದಲ್ಲಿದೆಯಾ? ಇದ್ದರೆ ಬಿಸಿಲಿಗೆ ಹಾಕಿ, ಪೂರ್ತಿ ಹರಡಿ, ಒಂದು ಫೋಟೊ ತೆಗೆದು ಕಳಿಸು. ನಡುವಿನ ಆ ಕೆಂಪು ತುಂಡು ಯಾರ ಸೀರೆಯದು ಅಂತ ಅಮ್ಮನನ್ನು ಕೇಳಿ ಬರಿ.

ಇಂತಿ ನಿನ್ನ ಗೆಳೆಯ